ಎಂಟು ನಂಬರ್ ಕಡ್ಡಿ

ಎಂಟು ನಂಬರ್ ಕಡ್ಡಿ ಅಂದರೆ ಎಂಟು ನಂಬರ್ ಕಡ್ಡಿ. ಅದರಲ್ಲಿ ಅನುಮಾನ ಪಡುವುದಕ್ಕೆ ಏನಿದೆ ಅಂದುಕೊಂಡಿದ್ದೆ. ಅಮ್ಮನ ತಗಡಿನ ಡಬ್ಬದಲ್ಲಿ ತಲೆಯ ಮೇಲೆ ನಂಬರ್ ಕೊರೆದಿದ್ದ ಅಲ್ಯುಮಿನಿಯಂ ಕಡ್ಡಿಗಳಿದ್ದವು. ಎಂಟು, ಹತ್ತು, ಹನ್ನೆರಡು. ಡಬ್ಬದ ತಳದಲ್ಲಿ ಸೈಕಲ್ ಚಕ್ರದ ಕಡ್ಡಿಯನ್ನು ಉಜ್ಜಿ ಉಜ್ಜಿ ಮಾಡಿಕೊಂಡ ಎರಡು ಸಪೂರದವೂ ಇದ್ದವು. ಅವನ್ನು ನೋಡಿಕೊಂಡೇ ಬೆಳೆದವಳು ನಾನು. ಹಾಗಾಗಿ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ನಿಂತು "ಎಂಟು ನಂಬರ್ ಕೊಡಿ, ನಡುವೆ ವಯರ್ ಇರೋದು" ಅಂದಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು.

ಮೂರು ವಾರ ಕಳೆದ ಮೇಲೆ ಆ ಕಡ್ಡಿಯಲ್ಲಿ ಹೆಣೆದ ಸ್ವೆಟರ್ ಮಾವನ ತಲೆಯಿಂದ ಇಳಿಯಿತು, ಹೆಗಲಿನಲ್ಲಿ ಸಿಕ್ಕಿಕೊಂಡಿತು. ಎರಡೂ ಕೈ ಮೇಲೆ, ಮುಖ ಒಳಗೆ. "ಎಂತದೇ ಇದು, ತೆಗೆಯೇ ಮಾರಾಯ್ತಿ, ಉಸಿರು ಕಟ್ತದೆ" ಅಂತ ಒಳಗಿಂದ ಕೇಳಿಸಿತು.

ಮೊದಲಿಂದ ಹೇಳುತ್ತೇನೆ.

ಪುಣೆಯಲ್ಲಿರುವ ನನ್ನ ನಾದಿನಿ ಜೂನ್ ಕೊನೆಯಲ್ಲಿ ಒಂದು ದಿನ ಫೋನ್ ಮಾಡಿದಳು. ಇಲ್ಲಿ ಆರಿದ್ರೆ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಮಳೆ ಹಿಡಿಯಿತು ಅಂದರೆ ಹಿಡಿಯಿತು, ಆಮೇಲೆ ಮಾತಿಲ್ಲ.

"ಅತ್ತಿಗೆ, ನಾವೊಂದು ಏಳೆಂಟು ಜನ ಭಾನುವಾರ ಸಂಜೆ ವೀಡಿಯೋ ಕಾಲ್ ಹಾಕ್ಕೊಂಡು ಸ್ವೆಟರ್ ಹೆಣೀತೀವಿ. ನೀವೂ ಬನ್ನಿ. ಅಪ್ಪನಿಗೊಂದು ಹೆಣೀರಿ."

"ಕಲಿಸೋದು ಯಾರು?"

"ಯಾರೂ ಇಲ್ಲ. ಸುಮ್ನೆ ಕೂತು ಹೆಣೆಯೋದು."

"ಫೀಸು?"

"ಅತ್ತಿಗೇ..."

ನಾನು ಹಾಗೆ ಕೇಳುವುದಕ್ಕೆ ಕಾರಣ ಇತ್ತು. ಅದರ ಹಿಂದಿನ ವರ್ಷ ದುಡ್ಡು ಕಟ್ಟಿ ಒಂದು ಆನ್‌ಲೈನ್ ಕ್ರೋಶಾ ಕ್ಲಾಸಿಗೆ ಸೇರಿದ್ದೆ. ವಾರಕ್ಕೊಂದು ಅಸೈನ್‌ಮೆಂಟು. ಫೋಟೋ ಹಾಕದಿದ್ದರೆ ಎಲ್ಲರ ಎದುರು ಹೆಸರು ಹಿಡಿದು ಕೇಳುತ್ತಿದ್ದರು. ಕೊನೆಗೆ ಸರ್ಟಿಫಿಕೇಟ್ ಬಂತು. ಕ್ರೋಶಾ ಬರಲಿಲ್ಲ.

ಇಲ್ಲಿ ಹಾಗೇನಿಲ್ಲ. ಬಂದರೆ ಬನ್ನಿ, ಬಿಟ್ಟರೆ ಬಿಡಿ. ಎಲ್ಲರೂ ಒಂದೇ ಸ್ವೆಟರ್ ಹೆಣೆಯಬೇಕು ಅನ್ನುವುದೊಂದೇ ಒಪ್ಪಂದ. ಒಬ್ಬರ ಗಂಟು ಇನ್ನೊಬ್ಬರಿಗೆ ಅರ್ಥ ಆಗಲಿ ಅಂತ. ಯಾವಾಗ ಮುಗಿಸಬೇಕು ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರಿನವರೊಬ್ಬರು ಎರಡು ವರ್ಷದಿಂದ ಒಂದೇ ತೋಳಿನಲ್ಲಿದ್ದಾರೆ. ಹೆಸರೂ ಅಷ್ಟಾಗಿ ಬಳಕೆಯಲ್ಲಿಲ್ಲ, ಊರೇ ಹೆಸರು. ಧಾರವಾಡದ ಅಕ್ಕ, ಜರ್ಮನಿ ಹುಡುಗಿ, ಬೆಂಗಳೂರು ಬ್ಯಾಂಕು. ನನಗೆ ಊರಿನ ಹೆಸರೂ ಸಿಗಲಿಲ್ಲ. ಮೈಕ್ ಆನ್ ಮಾಡಿದರೆ ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದೇ ಎಲ್ಲರಿಗೂ ಕೇಳುತ್ತಿತ್ತು. ಎರಡನೇ ವಾರಕ್ಕೇ ನಾನು 'ಮಳೆಯವರು' ಆದೆ. "ಮಳೆಯವರೇ, ಸ್ವಲ್ಪ ಮ್ಯೂಟ್ ಮಾಡ್ಕೊಳ್ಳಿ."

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಬಲಮೂಲೆಯಲ್ಲಿ ಮಾತ್ರ. ಅಲ್ಲೂ ಎರಡೇ ಕಡ್ಡಿ. ನನ್ನ ಕೈಯಲ್ಲಿ ಎರಡು. ಒಟ್ಟು ನಾಲ್ಕು ಕಡ್ಡಿಯಲ್ಲಿ ನಮ್ಮ ಭಾನುವಾರ ನಡೆಯುತ್ತಿತ್ತು.

ಉಲ್ಲನ್ ವಿಷಯ ಸ್ವಲ್ಪ ಹೇಳಬೇಕು. ನಾವು ಉಲ್ಲನ್ ಅಂತ ಕರೆಯುವುದರಲ್ಲಿ ಬಹಳ ಸಲ ಉಣ್ಣೆಯೇ ಇರುವುದಿಲ್ಲ. ಗಾಂಧಿ ಬಜಾರಿನ ಅಂಗಡಿಯ ಗೋಡೆ ತುಂಬ ಇದ್ದದ್ದು ಅಕ್ರಿಲಿಕ್. ಅಮ್ಮನ ಕಾಲದವರು ಅದನ್ನು ಕ್ಯಾಶ್ಮಿಲಾನ್ ಅನ್ನುತ್ತಿದ್ದರು. ಬಣ್ಣ ಚಂದ, ಬೆಲೆ ಕಡಿಮೆ, ಒಗೆದರೆ ಬೇಗ ಒಣಗುತ್ತದೆ. ಊರು ಶಿಮ್ಲಾ ಆಗಿದ್ದರೆ ಏನೋ, ಮಲೆನಾಡಿನ ಚಳಿ ಒಣ ಚಳಿ ಅಲ್ಲ. ಇಲ್ಲಿ ಗಾಳಿಯೇ ಒದ್ದೆ. ಉಣ್ಣೆ ತನ್ನ ತೂಕದ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ತೇವವನ್ನು ಕುಡಿಯುವುದೇ ಕಡಿಮೆ, ಎಲ್ಲ ಮೈಗೇ ಅಂಟುತ್ತದೆ. ಇದನ್ನು ನಾದಿನಿ ಪುಸ್ತಕ ಓದಿದವಳ ಹಾಗೆ ಹೇಳುತ್ತಿದ್ದರೆ ಮಾವ ಜಗಲಿಯಿಂದಲೇ, "ಅದಕ್ಕೆ ಕಂಬಳಿ ಕೊಪ್ಪೆ ಹಾಕೋದು" ಅಂದರು. ಅವರು ಅರವತ್ತು ಮಳೆಗಾಲ ಕಂಬಳಿ ಕೊಪ್ಪೆಯಲ್ಲೇ ಗದ್ದೆಗೆ ಇಳಿದವರು. ಕುರಿ ಉಣ್ಣೆಯ ಗುಣ ಅವರಿಗೆ ಯಾರೂ ಹೇಳಬೇಕಾಗಿಲ್ಲ. ಕೊನೆಗೆ ನಾದಿನಿಯೇ ಪುಣೆಯಿಂದ ನಿಜವಾದ ಉಣ್ಣೆ ದಾರ ಕಳಿಸಿದಳು. ಬೂದು ಬಣ್ಣ, 600 ಗ್ರಾಂ.

ನಾವು ಹೆಣೆಯುತ್ತಿದ್ದದ್ದು ಕುತ್ತಿಗೆಯಿಂದ ಶುರುವಾಗಿ ಕೆಳಗಿಳಿಯುವ ಸ್ವೆಟರ್. ಅಮ್ಮ ಮುಂದಿನ ಭಾಗ ಬೇರೆ, ಹಿಂದಿನ ಭಾಗ ಬೇರೆ, ತೋಳು ಬೇರೆ ಹೆಣೆದು ಕೊನೆಗೆ ಸೂಜಿಯಲ್ಲಿ ಜೋಡಿಸುತ್ತಿದ್ದಳು. ಇದರಲ್ಲಿ ಜೋಡಣೆಯೇ ಇಲ್ಲ. ಕುತ್ತಿಗೆಗೆ ಕುಣಿಕೆ ಹಾಕಿ, ಸುತ್ತ ಸುತ್ತ ಹೋಗುತ್ತಾ ಎರಡು ಸುತ್ತಿಗೊಮ್ಮೆ ನಾಲ್ಕು ಕಡೆ ಎರಡೆರಡು ಕುಣಿಕೆ ಏರಿಸುವುದು. ಕಂಕುಳಿಗೆ ಬಂದಾಗ ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿ ಕಾಯಲು ಬಿಟ್ಟು, ಮೈ ಮಾತ್ರ ಮುಂದುವರಿಸುವುದು. ಮಧ್ಯದಲ್ಲೇ ಹಾಕಿ ನೋಡಬಹುದು ಅನ್ನುವುದೇ ಇದರ ದೊಡ್ಡ ಅನುಕೂಲ. ನಾನು ಆ ಅನುಕೂಲವನ್ನು ಬಳಸಿಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು.

ಇನ್ನೊಂದು ತಪ್ಪೂ ಇದೆ. ಶುರು ಮಾಡುವ ಮೊದಲು ಅಂಗೈಯಗಲದ ಸ್ಯಾಂಪಲ್ ತುಂಡು ಹೆಣೆಯಬೇಕು. ಅದನ್ನು ಒಗೆದು, ಒಣಗಿಸಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂತು ಅಂತ ಎಣಿಸಬೇಕು. ಪುನರ್ವಸು ಮಳೆಯಲ್ಲಿ ಒಗೆದದ್ದು ಒಣಗುತ್ತಾ? ಮಕ್ಕಳ ಯೂನಿಫಾರ್ಮೇ ಮೂರು ದಿನ ಬಚ್ಚಲೊಲೆಯ ಮೇಲೆ ನೇತಾಡುವ ಊರಿನಲ್ಲಿ ಅಂಗೈಯಗಲದ ತುಂಡಿಗಾಗಿ ಯಾರು ಕಾಯುತ್ತಾರೆ? "ಸ್ಯಾಂಪಲ್ ಆಯ್ತಾ ಮಳೆಯವರೇ?" ಅಂತ ಕೇಳಿದರು. "ಆಯ್ತು" ಅಂದೆ. ಯಾರೂ ಬಲವಂತ ಮಾಡದ ಜಾಗದಲ್ಲಿ ಸುಳ್ಳು ಹೇಳುವ ಅಗತ್ಯ ಏನಿತ್ತೋ. ಹಳೇ ಕ್ಲಾಸಿನ ಅಭ್ಯಾಸ ಇರಬೇಕು.

ಮಾವನ ತಲೆಯಿಂದ ಸ್ವೆಟರ್ ಬಿಡಿಸಿದ ಮಾರನೇ ದಿನವೇ ಭಾನುವಾರ. ಕ್ಯಾಮೆರಾ ಮುಂದೆ ಸ್ವೆಟರನ್ನು ಹಿಡಿದು ಎಲ್ಲ ಹೇಳಿದೆ, ಸುಳ್ಳನ್ನೂ ಸೇರಿಸಿ. ನಾವೆಲ್ಲ ನೋಡಿಕೊಂಡು ಹೆಣೆಯುತ್ತಿದ್ದ ಅಳತೆಯ ಪಟ್ಟಿಯಲ್ಲಿದ್ದಂತೆ 180 ಕುಣಿಕೆ ಸರಿಯಾಗಿದೆ, ಎರಡು ಸಲ ಎಣಿಸಿದ್ದೇನೆ, ಆದರೂ ಹನ್ನೆರಡು ವರ್ಷದ ಹುಡುಗನ ಅಳತೆ ಬಂದಿದೆ.

ಧಾರವಾಡದ ಅಕ್ಕ ಕನ್ನಡಕ ಏರಿಸಿಕೊಂಡರು. "ಕಡ್ಡಿ ಎಷ್ಟನೇ ನಂಬರ್ರೀ?"

"ಎಂಟು. ಪಟ್ಟಿಯಲ್ಲೂ ಎಂಟೇ ಇದೆ."

"ಪ್ಯಾಕೆಟ್ ಮ್ಯಾಲೆ ಎಷ್ಟು ಮಿಲಿಮೀಟರ್ ಅಂತ ಐತಿ, ನೋಡ್ರಿ."

ಡಬ್ಬದಲ್ಲಿ ಪ್ಯಾಕೆಟ್ ಇನ್ನೂ ಇತ್ತು. ಸಣ್ಣ ಅಕ್ಷರದಲ್ಲಿ ನಾಲ್ಕು ಅಂತ ಬರೆದಿತ್ತು.

"ಪಟ್ಟಿಯಾಗ ಇರೋದು ಅಮೆರಿಕಾದ ಎಂಟು ಐತ್ರೀ. ಅದು ಐದು ಮಿಲಿಮೀಟರ್. ನಿಮ್ಮ ಕೈಯಾಗ ಇರೋದು ನಮ್ಮ ಎಂಟು."

ನಮ್ಮ ದೇಶದ ಕಡ್ಡಿಗಳ ನಂಬರ್ ಹಳೇ ಬ್ರಿಟಿಷ್ ಲೆಕ್ಕದ್ದು. ಅದರಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಪೂರ. ಹದಿನಾಲ್ಕು ನಂಬರ್ ಅಂದರೆ 2 ಮಿಲಿಮೀಟರ್, ಅಂದರೆ ಅಮ್ಮನ ಸೈಕಲ್ ಕಡ್ಡಿಯಷ್ಟು. ಅಮೆರಿಕದಲ್ಲಿ ತಿರುಗಾಮುರುಗಾ, ನಂಬರ್ ಏರಿದಂತೆ ಕಡ್ಡಿ ದಪ್ಪ. ಪಟ್ಟಿ ಬರೆದವರು 10 ಸೆಂಟಿಮೀಟರಿಗೆ 18 ಕುಣಿಕೆ ಅಂತ ಲೆಕ್ಕ ಹಾಕಿದ್ದರು. ಅದರಂತೆ 180 ಕುಣಿಕೆಗೆ ಸುತ್ತಳತೆ 100 ಸೆಂಟಿಮೀಟರ್. ನನ್ನ ಸಪೂರ ಕಡ್ಡಿಯಲ್ಲಿ ಅದೇ ಜಾಗಕ್ಕೆ 22 ಕುಣಿಕೆ ಕೂತಿದ್ದವು. ಟೇಪ್ ಹಿಡಿದರೆ ಸುತ್ತಳತೆ ಸರಿಯಾಗಿ 82. ಒಂದೇ ಒಂದು ಮಿಲಿಮೀಟರ್ ಕಡ್ಡಿ ಮಾವನ ಎದೆಯಿಂದ 18 ಸೆಂಟಿಮೀಟರ್ ಕದ್ದಿತ್ತು.

ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಬೆಂಗಳೂರು ಬ್ಯಾಂಕಿನವರು ಎದ್ದು ಹೋದರು. ವಾಪಸ್ ಬಂದಾಗ ಅವರ ಕೈಯಲ್ಲಿ ಒಂದು ಹಳದಿ ಸ್ವೆಟರ್ ಇತ್ತು. ಅವರ ನಾಯಿಗೂ ದೊಡ್ಡದು, ಮಗನಿಗೂ ಸಣ್ಣದು. "ನಂದೂ ಅದೇ ಎಂಟು" ಅಂದರು. ಅಷ್ಟೇ. ಆಮೇಲೆ ಎಲ್ಲರೂ ಮತ್ತೆ ತಲೆ ತಗ್ಗಿಸಿ ಹೆಣೆಯತೊಡಗಿದರು.

ಹೆಣೆದದ್ದನ್ನು ಬಿಚ್ಚುವುದಕ್ಕೆ ಇಂಗ್ಲಿಷಿನವರು ಕಪ್ಪೆಯ ಹೆಸರಿಟ್ಟಿದ್ದಾರೆ. ಕಿತ್ತು ಹಾಕು ಅನ್ನುವುದಕ್ಕೆ ಅವರು 'ರಿಪ್ ಇಟ್' ಅನ್ನುತ್ತಾರಲ್ಲ, ಅದನ್ನೇ ಬೇಗ ಬೇಗ ಹೇಳಿದರೆ ಅವರ ಕಿವಿಗೆ ಕಪ್ಪೆ ಕೂಗಿದ ಹಾಗೆ ಕೇಳುತ್ತದಂತೆ. ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಆಗ ನಿಜವಾದ ಕಪ್ಪೆಗಳೇ ಕೂಗುತ್ತಿದ್ದವು, ಅವು ಹಾಗೇನೂ ಅನ್ನಲಿಲ್ಲ. ಬಿಚ್ಚುವಾಗ ದಾರ ಹಿಡಿಯಲು ಮಾವನನ್ನೇ ಕೂರಿಸಿದೆ. ಅವರು ಎರಡೂ ಕೈ ಮುಂದೆ ಚಾಚಿ ಕೂತರು, ನಾನು ಎಳೆದೆಳೆದು ಆ ಕೈಗಳಿಗೆ ಸುತ್ತುತ್ತಾ ಹೋದೆ. ಮೂರು ವಾರದ ಕೆಲಸ ಒಂದು ಕಾಫಿ ಆರುವಷ್ಟರಲ್ಲಿ ಮುಗಿಯಿತು. ಕುಣಿಕೆ ಒಂದೊಂದೇ ಟುಪುಕ್ ಟುಪುಕ್ ಅಂತ ಬಿಡುವುದನ್ನು ಮಾವ ಬಗ್ಗಿ ನೋಡಿದರು.

"ಇಡೀ ಅಂಗಿ ಒಂದೇ ದಾರವೇನೇ?"

"ಹೌದು ಮಾವ. ಗಂಟು ಹಾಕಿ ಮುಂದುವರಿಸೋದು."

"ಅಡ್ಡಕ್ಕೆ ಬೇರೆ ದಾರ ಇಲ್ಲ?"

"ಇಲ್ಲ."

"ಕಂಬಳಿ ಹೀಗೆ ಬಿಚ್ಚೋಕಾಗಲ್ಲ ನೋಡು" ಅಂದರು. ಅವರ ಮಾತಿನಲ್ಲಿ ಈ ಹೆಣಿಗೆಯ ಬಗ್ಗೆ ಗೌರವ ಕಂಡದ್ದು ಅವತ್ತೇ ಮೊದಲು.

ಬಿಚ್ಚಿದ ಉಣ್ಣೆ ಗುಂಗುರು ಕೂದಲಿನ ಹಾಗಿರುತ್ತದೆ. ಹಾಗೇ ಹೆಣೆದರೆ ಕುಣಿಕೆ ಒರಟೊರಟು. ಲಡಿ ಮಾಡಿ, ನೆನೆಸಿ, ಕೆಳಗೆ ಭಾರ ಕಟ್ಟಿ ನೇತುಹಾಕಬೇಕು. ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸಲು ಕಟ್ಟಿದ ಬಿದಿರ ಗಳಕ್ಕೆ ತೂಗುಹಾಕಿ, ಹಳೇ ತಕ್ಕಡಿಯ ಅರ್ಧ ಕೆಜಿ ಕಲ್ಲನ್ನು ಕೆಳಗೆ ಕಟ್ಟಿದೆ. ಐದು ದಿನ ಬೇಕಾಯಿತು. ದಾರ ನೆಟ್ಟಗಾಯಿತು, ಜೊತೆಗೆ ಅಡಿಕೆ ಸಿಪ್ಪೆಯ ಹೊಗೆಯನ್ನೂ ಕುಡಿಯಿತು. ಆ ವಾಸನೆ ಇವತ್ತಿಗೂ ಹೋಗಿಲ್ಲ. ಪುಣೆಯ ದಾರ ಮಲೆನಾಡಿನದ್ದಾದದ್ದು ಹೀಗೆ.

ಐದು ಮಿಲಿಮೀಟರ್ ಕಡ್ಡಿಗಾಗಿ ಮತ್ತೆ ಶಿವಮೊಗ್ಗಕ್ಕೆ ಹೋಗುವುದು ಅಂದರೆ ಒಂದು ದಿನ ಮುಳುಗಿತು ಅಂತಲೇ ಲೆಕ್ಕ. ಧಾರವಾಡದ ಅಕ್ಕ "ಕಡ್ಡಿ ಬದಲಿಸಬ್ಯಾಡ್ರಿ, ಲೆಕ್ಕ ಬದಲಿಸೋಣು" ಅಂದರು. ಎಲಿಜಬೆತ್ ಝಿಮ್ಮರ್‌ಮನ್ ಅಂತ ಒಬ್ಬರಿದ್ದರು, 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ ಹೆಣಿಗೆಯಲ್ಲಿ ಹೆಸರಾದವರು. ಅವರದ್ದೊಂದು ಶೇಕಡಾ ಲೆಕ್ಕ ಇದೆ. ಮೈ ಸುತ್ತಳತೆಯ ಕುಣಿಕೆಯನ್ನು ನೂರು ಅಂದುಕೊಂಡರೆ ಕುತ್ತಿಗೆಗೆ 40, ತೋಳಿನ ಮೇಲ್ಭಾಗಕ್ಕೆ 33, ಮಣಿಕಟ್ಟಿಗೆ 20. ಕಡ್ಡಿ ಯಾವುದಾದರೇನು, ದಾರ ಯಾವುದಾದರೇನು. ನನ್ನ ಕೈಯ ಹದಕ್ಕೆ ಮೈಗೆ 220 ಬೇಕು. ಕುತ್ತಿಗೆಗೆ 88. ಮಣಿಕಟ್ಟಿಗೆ 44. ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಯಾವುದೋ ದೇಶದ ಯಾರದೋ ಪಟ್ಟಿಗಿಂತ ಈ ನಾಲ್ಕು ಅಂಕಿ ನನಗೆ ಹೆಚ್ಚು ತಿಳಿಯಿತು. ಮೊದಲ ಸಲಕ್ಕೆ ನಾನೇ ಮಾಡುತ್ತಿದ್ದೇನೆ ಅನ್ನಿಸಿತು.

ಎರಡನೇ ಸಲ ನಿಧಾನವಾಗಿ ಹೋಯಿತು. ಪುಷ್ಯ, ಆಶ್ಲೇಷ ಎಲ್ಲ ಮುಗಿದು ಮಳೆ ಬಿಟ್ಟರೂ ನಾನು ಕಂಕುಳಿನಲ್ಲೇ ಇದ್ದೆ. ಜರ್ಮನಿ ಹುಡುಗಿ ದಾರವನ್ನು ಎಡಗೈಯಲ್ಲಿ ಹಿಡಿದು ಕಡ್ಡಿಯ ತುದಿಯಿಂದ ಕೆಣಕಿ ಎಳೆಯುತ್ತಾಳೆ. ನಮ್ಮ ಹಾಗೆ ಬಲಗೈಯಲ್ಲಿ ಸುತ್ತುವುದಿಲ್ಲ. ನಾವು ಒಂದು ಸುತ್ತು ಮುಗಿಸುವಷ್ಟರಲ್ಲಿ ಅವಳದ್ದು ಎರಡು. ನಮ್ಮ ಸ್ವೆಟರಿನ ತೋಳಿಗೆ 'ರಾಗ್ಲನ್' ಅನ್ನುವ ಹೆಸರು ಒಬ್ಬ ಬ್ರಿಟಿಷ್ ಸೇನಾಪತಿಯಿಂದ ಬಂತು ಅಂತ ಹೇಳಿದ್ದು ಅವಳೇ. 1815ರ ವಾಟರ್‌ಲೂ ಯುದ್ಧದಲ್ಲಿ ಅವನು ಬಲಗೈ ಕಳೆದುಕೊಂಡಿದ್ದ. ಅವನಿಗೆ ಹಾಕಿಕೊಳ್ಳಲು ಸುಲಭವಾಗಲಿ ಅಂತ ಅಂಥ ತೋಳು ಮಾಡಿದರು ಅನ್ನುವ ಮಾತಿದೆ. ಮುಂದೆ ಕ್ರಿಮಿಯಾ ಯುದ್ಧದಲ್ಲಿ ಅವನೇ ಸೇನಾಪತಿ. ಅವನ ಕೈಕೆಳಗಿದ್ದ ಇನ್ನೊಬ್ಬ ಅಧಿಕಾರಿಯ ಹೆಸರು ಕಾರ್ಡಿಗನ್, ಮುಂದೆ ಗುಂಡಿ ಇರುವ ಸ್ವೆಟರ್ ಕೋಟಿಗೆ ಅವನದೇ ಹೆಸರು. 1854ರಲ್ಲಿ ಅವರು ಕಾದಾಡಿದ ಊರು ಬಾಲಕ್ಲಾವಾ. ಮುಖ ಒಂದು ಬಿಟ್ಟು ಎಲ್ಲ ಮುಚ್ಚುವ ಟೋಪಿಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಅಂದರೆ ನಮ್ಮ ಮಂಕಿ ಕ್ಯಾಪು! ಒಂದೇ ಯುದ್ಧದಿಂದ ತೋಳು, ಕೋಟು, ಟೋಪಿ ಮೂರೂ. ಮಾವನಿಗೆ ಹೇಳಿದೆ. "ಗೆದ್ದೋರು ಯಾರು?" ಅಂತ ಕೇಳಿದರು.

ಇಷ್ಟೆಲ್ಲ ಬರೆದರೂ ನಾನು ಯಾಕೆ ಪ್ರತಿ ಭಾನುವಾರ ಅಲ್ಲಿ ಹೋಗಿ ಕೂರುತ್ತೇನೆ ಅನ್ನುವುದನ್ನು ಹೇಳಿಲ್ಲ. ಸ್ವೆಟರ್ ಒಬ್ಬಳೇ ಹೆಣೆಯಬಹುದು. ತಪ್ಪು ತಿದ್ದುವ ವೀಡಿಯೋಗಳು ಬೇಕಾದಷ್ಟಿವೆ.

ನನ್ನ ತವರು ಸಾಗರದ ಕಡೆ. ಚಿಕ್ಕವಳಿದ್ದಾಗ ಕೊಯ್ಲಿನ ಕಾಲಕ್ಕೆ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಅಡಿಕೆ ಸುಲಿಯಲು ಬರುತ್ತಿದ್ದರು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ಒಂದು ತಿರುವು, ಚರಕ್. ಬೇಳೆ ಬುಟ್ಟಿಗೆ, ಟಕ್. ಹತ್ತು ಜನರ ಚರಕ್ ಟಕ್ ಸೇರಿ ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಕಣ್ಣು ಕತ್ತಿಯ ಮೇಲೆ ಇರಲೇಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅದಕ್ಕೇ ಇರಬೇಕು, ಹಗಲು ಆಡದ ಮಾತೆಲ್ಲ ಅಲ್ಲಿ ಹೊರಗೆ ಬರುತ್ತಿತ್ತು. ಅಮ್ಮನಿಗೆ ನರ್ಸ್ ಆಗುವ ಆಸೆ ಇತ್ತು, ಅಜ್ಜ ಒಪ್ಪಲಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಹಾಗೆ. ನನಗೆ ಹೇಳಿದ್ದಲ್ಲ. ಪಕ್ಕದ ಮನೆ ದೊಡ್ಡಮ್ಮನಿಗೆ ಹೇಳುತ್ತಿದ್ದಳು. ನಾನು ಸಿಪ್ಪೆಯ ರಾಶಿಗೆ ಒರಗಿ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ. ಅಮ್ಮ ಹೇಳಿದಳು. ದೊಡ್ಡಮ್ಮ "ಹೂಂ" ಅಂದರು. ಚರಕ್, ಟಕ್. ಮುಂದಿನ ಅಡಿಕೆ.

ಈಗ ಸುಲಿಯುವ ಮಿಷನ್ ಬಂದಿದೆ. ಅದನ್ನು ಬೈಯುವುದಿಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ಚೊಗರಿಗೆ ಕರಿಯಾಗುವ ಕೈ ಯಾರಿಗೆ ಬೇಕು? ಹತ್ತು ಜನರ ರಾತ್ರಿಯ ಕೆಲಸವನ್ನು ಅದು ಬೇಗ ಮುಗಿಸಿಬಿಡುತ್ತದೆ. ಆದರೆ ಅದರ ಗಡಗಡ ಸದ್ದಿನಲ್ಲಿ ಮಾತು ನಡೆಯುವುದಿಲ್ಲ.

ಭಾನುವಾರದ ಕಾಲ್‌ನಲ್ಲಿ ನನಗೆ ಸಿಕ್ಕಿದ್ದು ಆ ಹಳೇ ಅಂಗಳ. ಪರದೆಯಲ್ಲಿ ಎಂಟು ತಲೆ, ಎಂಟೂ ಬಗ್ಗಿವೆ. ಮುಖ ಕಾಣುವುದಿಲ್ಲ, ಬೈತಲೆ ಕಾಣುತ್ತದೆ. ಹತ್ತು ನಿಮಿಷ ಯಾರೂ ಮಾತಾಡದೆ ಇರುತ್ತೇವೆ, ಯಾರಿಗೂ ಕಸಿವಿಸಿ ಇಲ್ಲ. ಆಮೇಲೆ ಜರ್ಮನಿ ಹುಡುಗಿ ತೋಳಿನ ಕುಣಿಕೆ ಎಣಿಸುತ್ತಾ, ನಲವತ್ತೆರಡು, ನಲವತ್ಮೂರು, "ನಾನಿನ್ನು ಊರಿಗೆ ವಾಪಸ್ ಬರಲ್ಲ ಅಂತ ಮನೇಲಿ ಹೇಳಿಲ್ಲ" ಅನ್ನುತ್ತಾಳೆ. ನಲವತ್ನಾಲ್ಕು. ಧಾರವಾಡದ ಅಕ್ಕ "ಹೂಂ" ಅನ್ನುತ್ತಾರೆ. ಅದೇ "ಹೂಂ". ಯಾರೂ ಬುದ್ಧಿ ಹೇಳುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ.

ನಮ್ಮಲ್ಲಿ ಮುಯ್ಯಾಳು ಅಂತಿದೆ. ನೀನು ನಮ್ಮ ಗದ್ದೆಗೆ ಒಂದು ದಿನ ಬಂದರೆ ನಾನು ನಿಮ್ಮ ಗದ್ದೆಗೆ ಒಂದು ದಿನ. ಅದರಲ್ಲಿ ಲೆಕ್ಕ ಇದೆ. ಇಲ್ಲಿ ಅದೂ ಇಲ್ಲ. ನನ್ನ ಸ್ವೆಟರಿನ ಒಂದು ಕುಣಿಕೆಯನ್ನೂ ಬೇರೆಯವರು ಹೆಣೆಯಲಿಲ್ಲ. ಆದರೂ ವಾರದ ದಿನ ಒಬ್ಬಳೇ ಹೆಣೆದ ಸಾಲು ಬಿಗಿ, ಭಾನುವಾರ ಹೆಣೆದ ಸಾಲು ಸಡಿಲ. ಬೆಳಕಿಗೆ ಹಿಡಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಹೆಣಿಗೆ ಗೊತ್ತಿರುವವರಿಗೆ ಅದು ದೋಷ. ನಾನು ಬಿಚ್ಚಲಿಲ್ಲ.

ಡಿಸೆಂಬರಿನಲ್ಲಿ ಒಂದು ತೋಳು ಮುಗಿಯಿತು, ಇನ್ನೊಂದು ಮೊಣಕೈವರೆಗೆ ಬಂದಿತ್ತು. ಮಿಷನ್ನಿಗೆ ಸಿಗದೆ ಉಳಿದ ಒಂದು ಬುಟ್ಟಿ ಅಡಿಕೆ ಇಟ್ಟುಕೊಂಡು ಮಾವ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿ ಕೂತಿದ್ದರು. ಅವತ್ತು ಭಾನುವಾರ. "ಮಳೆಯವರೇ, ಈಗ ಮಳೆ ಇಲ್ವಲ್ಲ, ಅದೇನು ಸದ್ದು?" ಅಂತ ಬೆಂಗಳೂರಿನವರು ಕೇಳಿದರು. ಫೋನನ್ನು ಆ ಕಡೆ ತಿರುಗಿಸಿದೆ. ಮಾವ ತಲೆ ಎತ್ತಲಿಲ್ಲ, ಕತ್ತಿಯ ಮೇಲೆ ಕಣ್ಣಿತ್ತು. "ಮ್ಯೂಟ್ ಮಾಡಬೇಡಿ, ಇರ್ಲಿ" ಅಂದರು ಯಾರೋ.

ಮುಗಿದ ತೋಳನ್ನು ಹಾಕಿ ನೋಡಿ ಅಂತ ಮಾವನನ್ನು ಎಬ್ಬಿಸಿದೆ. ಈ ಸಲ ಹೆಗಲು ಸಲೀಸಾಗಿ ಇಳಿಯಿತು. ಎದೆ ಸರಿಯಾಯಿತು. ಪುಣೆಯಿಂದ ನಾದಿನಿ "ಅಪ್ಪಾ, ತಿರುಗು ನೋಡೋಣ" ಅಂದಳು. ಎಲ್ಲರೂ ಕಡ್ಡಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಮಾವ ತಿರುಗಲಿಲ್ಲ. ಮುಗಿದ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿ, ಮುಗಿಯದ ತೋಳನ್ನು ನೋಡಿ, ಮತ್ತೆ ಮಣೆಯ ಮೇಲೆ ಕೂತು ಒಂದು ಅಡಿಕೆ ಸುಲಿದರು.

"ಇದು ಇಷ್ಟೇ ಸಾಕು. ಅದನ್ನೂ ಇಲ್ಲಿಗೇ ನಿಲ್ಲಿಸು" ಅಂದರು. "ಕೆಲಸಕ್ಕೆ ಅಡ್ಡ ಬರ್ತದೆ."

ನಾಲ್ಕು ವಾರದ ತೋಳು. ಫೋನಿನಲ್ಲಿ ಎಂಟು ಜನ ಒಟ್ಟಿಗೇ ಬೊಬ್ಬೆ ಹೊಡೆದರು. ಬೇಡ ಅಂತ ನಾಲ್ವರು, ಅವರು ಹೇಳಿದ್ದೇ ಸರಿ ಅಂತ ಮೂವರು. ಧಾರವಾಡದ ಅಕ್ಕ ಮಾತ್ರ ದಾರ ಎಷ್ಟು ಮಿಗುತ್ತದೆ ಅಂತ ಕೇಳಿದರು. ತಕ್ಕಡಿಗೆ ಹಾಕಿದೆ. ಬಿಚ್ಚಿದ್ದೂ ಸೇರಿ 90 ಗ್ರಾಂ.

ಅಷ್ಟರಲ್ಲಿ ಒಂದು ಮಂಕಿ ಕ್ಯಾಪ್ ಆಗುತ್ತದಂತೆ. ಎಂಟು ನಂಬರ್ ಕಡ್ಡಿಯಲ್ಲಿ. ನಮ್ಮ ಎಂಟು.